ಗೊತ್ತಿಲ್ಲ ಅಂದರೆ ಇಲ್ಲ ಅಂತಲ್ಲ

"ನಿಮ್ಮ ಯಂತ್ರ ಯೋಚನೆ ಮಾಡಿ ಮುಗಿಸೋ ಹೊತ್ತಿಗೆ ಈ ನಾಯಿ ತಾನೇ ವಾಸಿಯಾಗಿ ಮನೆಗೆ ಹೋಗಿರುತ್ತೆ."

ಮೊದಲ ಭೇಟಿಯಲ್ಲೇ ಅವಳು ಅವನಿಗೆ ಅಂದ ಮಾತಿದು. ಅವಳು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರ್. ಅವನು, ಲಕ್ಷಣ ಹೇಳಿದರೆ ರೋಗ ಯಾವುದಿರಬಹುದೆಂದು ಸೂಚಿಸುವ ಪ್ರೋಗ್ರಾಂ ಬರೆದವನು. ಮೇಜಿನ ಮೇಲೆ ಕೆಮ್ಮುತ್ತಿದ್ದ ನಾಯಿ, ಕಂಪ್ಯೂಟರ್ ಪರದೆಯ ಮೇಲೆ ಸುತ್ತುತ್ತಲೇ ಇದ್ದ ಚಕ್ರ... ಅವಳ ತಾಳ್ಮೆ ಕೆಟ್ಟಿತ್ತು.

ಅವನು ಸಿಟ್ಟಾಗಲಿಲ್ಲ, ನಕ್ಕುಬಿಟ್ಟ. ಆ ನಗು ಅವಳನ್ನು ಇನ್ನಷ್ಟು ಕೆರಳಿಸಿತು!

ಕೌಂಟರಿನಲ್ಲಿ ಕೂರುತ್ತಿದ್ದ ಅವಳ ಚಿಕ್ಕಮ್ಮ ಅಂದೇ ಅವನಿಗೆ 'ಆಮೆ' ಎಂದು ಹೆಸರಿಟ್ಟರು.

ಆಮೆ ಸುಮ್ಮನೆ ಕೂರಲಿಲ್ಲ. ಯಾವ ಲಕ್ಷಣಕ್ಕೆ ಯಾವ ರೋಗ ಎಂಬ ನಿಯಮಗಳನ್ನೆಲ್ಲ ಒಂದೇ ಗುಡ್ಡೆ ಹಾಕಿದ್ದು ತನ್ನ ತಪ್ಪು ಎಂದು ಒಪ್ಪಿಕೊಂಡು, ಪ್ರೋಗ್ರಾಂ ಒಳಗೇ ಕೋಣೆಗಳಂಥ ಭಾಗಗಳನ್ನು ಮಾಡಿ ಅವನ್ನು ಹಂಚತೊಡಗಿದ. ಚರ್ಮಕ್ಕೊಂದು, ಹೊಟ್ಟೆಗೊಂದು, ಬಂದ ಕೂಡಲೇ ತೂಕ, ಜ್ವರ ನೋಡುವುದಕ್ಕೆ ಮೊದಲ ಕೋಣೆ. ಮೈ ಕೆರೆದುಕೊಳ್ಳುವ ಬೆಕ್ಕು ಬಂದರೆ ಚರ್ಮದ ಕೋಣೆ ಎದ್ದರೆ ಸಾಕು, ಹೊಟ್ಟೆಯದು ಆರಾಮಾಗಿ ನಿದ್ದೆ ಮಾಡಬಹುದು. ಒಂದು ಲಕ್ಷಣ ಬದಲಾದರೂ ಎಲ್ಲವನ್ನೂ ಮೊದಲಿಂದ ನೋಡುವ ಚಾಳಿಯನ್ನೂ ಬಿಡಿಸಿದ. ನೋಡಿದ್ದು ನೆನಪಿರಲಿ, ಬದಲಾದದ್ದನ್ನು ಮಾತ್ರ ನೋಡು ಎಂದು ಅದಕ್ಕೆ ಕಲಿಸಿದ.

ಯಾವ ಲಕ್ಷಣ ಯಾವ ಕೋಣೆಗೆಂದು ಕೇಳಲು ದಿನವೂ ಅವಳ ಬಳಿ ಬರಬೇಕಿತ್ತು. ಅವನು ಬೇಕಾದ್ದಕ್ಕಿಂತ ಹೆಚ್ಚು ಕೇಳುತ್ತಿದ್ದ, ಅವಳು ಬೇಕಾದ್ದಕ್ಕಿಂತ ಉದ್ದ ಉತ್ತರ ಕೊಡುತ್ತಿದ್ದಳು. ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲ ಕಡೆಗೇ... ಇದೆಲ್ಲ ಚಿಕ್ಕಮ್ಮನಿಗೆ ಕಾಣದೆ ಇರುತ್ತದೆಯೇ?

ಕೆಲಸ ಮುಗಿದ ದಿನ ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು. ಅವನಿಗೆ ದೂರದ ಊರಿನಲ್ಲಿ ಹೊಸ ಕೆಲಸ ಕಾದಿತ್ತು. ಹೋಗುವುದೋ ಬಿಡುವುದೋ ಎಂಬುದು ಅವಳ ಒಂದು ಮಾತಿನ ಮೇಲಿತ್ತು. ಅವಳು ಬೆಕ್ಕೊಂದರ ಕಾಲಿಗೆ ಪಟ್ಟಿ ಕಟ್ಟುತ್ತಿರುವಾಗ ಕೇಳಿಯೇಬಿಟ್ಟ.

"ನನ್ನನ್ನ ಮದುವೆ ಆಗ್ತೀರಾ?"

ಬೆಕ್ಕು ಪರಚಿತು. ಪಟ್ಟಿ ಕೈಜಾರಿತು.

"ಗೊತ್ತಿಲ್ಲ," ಎಂದಳು.

ಅವನು ತಲೆಯಾಡಿಸಿ ಹೊರಟುಹೋದ. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಆಮೆ ಆ ಕೆಲಸ ಒಪ್ಪಿಕೊಂಡಿದೆ, ಶನಿವಾರ ಹೊರಡುತ್ತದಂತೆ ಎಂಬ ಸುದ್ದಿಯನ್ನು ಚಿಕ್ಕಮ್ಮನೇ ತಂದರು.

ಅವಳಿಗೆ ಅಳು ಉಕ್ಕಿ ಬಂತು. ನಾನು ಬೇಡ ಅಂದೆನಾ? ಸ್ವಲ್ಪ ಯೋಚಿಸೋಕೂ ಬಿಡಬಾರದಿತ್ತಾ? ಫೋನ್ ಮಾಡೋಣವೆಂದರೆ ಸ್ವಾಭಿಮಾನ ಬಿಡಲೊಲ್ಲದು.

ಶುಕ್ರವಾರ ಬೆಳಿಗ್ಗೆ ವಾಂತಿ ಮಾಡುತ್ತಿದ್ದ ನಾಯಿಯೊಂದು ಬಂತು. ಮೈ ಕೆಂಡದಂತೆ ಸುಡುತ್ತಿತ್ತು. ಜ್ವರವೆಂದು ಅವಳೇ ಬರೆದಿದ್ದರೂ ಪ್ರೋಗ್ರಾಂ ಹೇಳಿತು: ಜ್ವರ ಇಲ್ಲ, ಹೊಟ್ಟೆ ಕೆಟ್ಟಿದೆ ಅಷ್ಟೇ. ಅದರ ಮಾತು ಬದಿಗಿಟ್ಟು ಸರಿಯಾದ ಔಷಧಿ ಕೊಟ್ಟು, ಅವಳು ಫೋನೆತ್ತಿದಳು. ದೂರು ಹೇಳುವುದಕ್ಕೆ ಯಾವ ಸ್ವಾಭಿಮಾನ ಅಡ್ಡ ಬರುತ್ತದೆ!

ಅವನು ಓಡೋಡಿ ಬಂದ. ಕಾಲಲ್ಲಿ ಒಂದೊಂದು ಬಣ್ಣದ ಚಪ್ಪಲಿ. ಪರದೆಯನ್ನೇ ನೋಡುತ್ತ ನೋಡುತ್ತ ಅವನ ಮುಖ ಸಪ್ಪಗಾಯಿತು.

"ಜ್ವರದ ವಿಷಯ ಮೊದಲ ಕೋಣೆಯಲ್ಲೇ ಉಳಿದುಬಿಟ್ಟಿದೆ. ಹೊಟ್ಟೆಯ ಕೋಣೆಗೆ ಹೇಳಿ ಕಳಿಸೋದನ್ನ ನಾನು ಮರೆತಿದ್ದೀನಿ. ಅದಕ್ಕೆ ಗೊತ್ತೇ ಇಲ್ಲ."

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಬೇಕು. ಇಲ್ಲ ಅಂತ ಯಾಕೆ ಅಂದ್ಕೊಳ್ತು?"

"ನಾನೇ ಹಾಗೆ ಬರೆದದ್ದು. ಗೊತ್ತಿಲ್ಲದಿದ್ರೆ ಇಲ್ಲ ಅಂದ್ಕೋ ಅಂತ."

"ಬರೆದೋರ ಬುದ್ಧೀನೇ ಅದಕ್ಕೂ ಬಂದಿದೆ," ಎಂದಳು, ಪರದೆ ಬಿಟ್ಟು ಅವನನ್ನೇ ನೋಡುತ್ತ.

ಕೀಲಿಮಣೆಯ ಮೇಲೆ ಅವನ ಬೆರಳುಗಳು ನಿಂತವು. ನಿಧಾನವಾಗಿ ತಲೆಯೆತ್ತಿದ. ಅತ್ತ ಚಿಕ್ಕಮ್ಮ ರಿಂಗೇ ಆಗದ ಫೋನೆತ್ತಿ ಜೋರಾಗಿ ಹಲೋ ಎಂದು ಹೇಳಿ, ಗೋಡೆಯ ಕಡೆಗೆ ತಿರುಗಿ ಕೂತರು.

"ಹಾಗಾದ್ರೆ... ಮೊದಲಿಂದ ಕೇಳಲಾ?"

"ಮೊದಲಿಂದ ಬೇಡ. ಬದಲಾದದ್ದನ್ನ ಮಾತ್ರ ಕೇಳಿ."

"ಏನು ಬದಲಾಗಿದೆ?"

"ಆವತ್ತು ಗೊತ್ತಿರಲಿಲ್ಲ. ಈಗ ಗೊತ್ತು." ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು. "ಹೂಂ."

ಅವನು ಅಲ್ಲೇ ನಿಂತು ನಾಳೆಯ ಟಿಕೆಟ್ ರದ್ದು ಮಾಡಿದ. ಆಮೇಲೆ, ನಂಬಲಾಗದವನಂತೆ ಅವಳ ಕೈ ಹಿಡಿದು, ನಿಜಕ್ಕೂ ಹೂಂ ತಾನೇ ಎಂದು ಇನ್ನೊಮ್ಮೆ ಕೇಳಿದ.

"ನಿಜಕ್ಕೂ. ಈ ಸಲ ಮಾತ್ರ ಮರೀಬೇಡಿ... ಎಲ್ಲ ಕೋಣೆಗೂ ಹೇಳಿ ಕಳಿಸಿ."