ಸ್ಟೀಲ್ ಕೊಡಕ್ಕೆ ಹೋದ ತೃಣಮಣಿ

ಕೊಳ್ಳುವಾಗ ಅದು ಗಿಡದ ಅಂಟು. ಗಾಜಿನ ಪೆಟ್ಟಿಗೆಯಲ್ಲಿ ಕೂತ ಮೇಲೆ ತೃಣಮಣಿ! ಕೈಲಾಶನ ಹೊಟ್ಟೆ ಉರಿದದ್ದು ಇದಕ್ಕೇ.

ಭಾಲ್ಕಿಯ ಅವನ ಮನೆಯಲ್ಲಿ ಯಾವ ಕೂಸು ಹುಟ್ಟಿದರೂ ಮೊದಲು ಕೊರಳಿಗೆ ಬೀಳುತ್ತಿದ್ದದ್ದು ಜೇನುಬಣ್ಣದ ಆ ಒಂದು ಮಣಿ. ಕೈಲಾಶನೂ ಅದನ್ನು ಜೊಲ್ಲಿನಲ್ಲಿ ನೆನೆಸಿಯೇ ಬೆಳೆದವನು. ಹೋದ ವರ್ಷ ಬೀದರಿನ ಹಳೆ ಸಾಮಾನಿನ ವ್ಯಾಪಾರಿ ಜ್ಞಾನೇಶ್ವರ ಮನೆಗೆ ಬಂದು, ತಾಯಿ ಕೇಶರಬಾಯಿಯ ಎದುರು ಮಣಿಯನ್ನು ಮೂಸಿ, “ಒಣಗಿದ ಅಂಟ್ ಅದರಿ ಅಕ್ಕಾ ಇದು. ಅಂಟಿಗಿ ಏನ್ ಬೆಲಿ?” ಎಂದು ಒಂದು ಸ್ಟೀಲ್ ಕೊಡ ಕೊಟ್ಟು ಒಯ್ದಿದ್ದ. ಈಗ ಕೈಲಾಶನ ಹೆಂಡತಿ ಸಪನಾಗೆ ಏಳು ತಿಂಗಳು. ಮುದುಕಿ ಆ ಕೊಡವನ್ನೇ ಹೊತ್ತುಕೊಂಡು ಬಸ್ಸು ಹತ್ತಿ ವ್ಯಾಪಾರಿಯ ಅಂಗಡಿಗೆ ಹೋದಳು, ಮಣಿ ವಾಪಸು ಕೊಡಿರೆಂದು ಬೇಡಿಕೊಂಡಳು. ಜ್ಞಾನೇಶ್ವರ ನಕ್ಕು ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿ ಓದಿ ಹೇಳಿದ: ತೃಣಮಣಿ, ಉರ್ದುವಿನಲ್ಲಿ ಕಹರುಬಾ, ಕೋಟಿ ವರ್ಷದ ಹಿಂದಿನ ಮರದ ರಾಳ ಕಲ್ಲಾದದ್ದು. ಅಂದಿನಿಂದ ಕೇಶರಬಾಯಿ ಆ ಕೊಡದಲ್ಲಿ ನೀರು ತುಂಬಿಲ್ಲ.

ಕೈಲಾಶ ಸಿಟ್ಟು ಬಂದರೆ ಕಲ್ಲು ಎಸೆಯುವವನಲ್ಲ, ಕಲ್ಲು ತಯಾರಿಸುವವನು. ಬೀದರ್ ಪಕ್ಕದ ಕೊಳಾರದ ಶೆಡ್ಡೊಂದರಲ್ಲಿ ಮೇಜಿನ ಹಲಗೆಗಳ ಮೇಲೆ ರೆಸಿನ್ ಎಂಬ, ಆರಿದರೆ ಕಲ್ಲಾಗುವ ಅಂಟನ್ನು ಸುರಿಯುವುದೇ ಅವನ ಕೆಲಸ. ಮುಳ್ಳನ್ನು ಮುಳ್ಳಿನಿಂದ ತೆಗೆಯಬೇಕಾದರೆ ಅಂಟನ್ನು ಅಂಟಿನಿಂದ ಯಾಕೆ ತೆಗೆಯಬಾರದು? ಖೋಟಾ ತೃಣಮಣಿ ಮಾಡಿ ಕೊಟ್ಟು ತಾಯಿಯ ಮಣಿ ಎತ್ತಿಕೊಂಡು ಬರುವುದು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು.

ವ್ಯಾಪಾರಿಗಳು ಮಾಡುವ ಪರೀಕ್ಷೆಗಳನ್ನೆಲ್ಲ ಮೊಬೈಲಿನಲ್ಲಿ ನೋಡಿ ಕಲಿತ. ಉಪ್ಪುನೀರಿನಲ್ಲಿ ತೇಲಬೇಕು, ಹದ ಸಿಗುವವರೆಗೆ ಮೂರು ಸಲ ಎರಕ ಹೊಯ್ದ. ಉಣ್ಣೆಗೆ ತಿಕ್ಕಿದರೆ ಹುಲ್ಲಿನ ಎಸಳನ್ನು ಸೆಳೆಯಬೇಕು, ತೃಣಮಣಿ ಎಂಬ ಹೆಸರು ಬಂದದ್ದೇ ಅದಕ್ಕೆ; ಅವನ ರೆಸಿನ್ನೂ ಸೆಳೆಯಿತು. ಉಳಿದದ್ದು ಕಾದ ಸೂಜಿ. ಚುಚ್ಚಿದರೆ ಊದಿನಕಡ್ಡಿಯಂಥ ವಾಸನೆ ಬರಬೇಕು, ಪ್ಲಾಸ್ಟಿಕ್ಕಿನದಲ್ಲ. ಒಂದು ಮೂಲೆಯಲ್ಲಿ ಸಣ್ಣ ಬಿರುಕು ಬಿಟ್ಟು, ಅದರೊಳಗೆ ಧೂಪಕ್ಕೆ ಹಾಕುವ ರಾಳವನ್ನು ಕರಗಿಸಿ ತುಂಬಿದ. ಹೊಳಪಿರುವ ಮೈಗೆ ಯಾವ ವ್ಯಾಪಾರಿ ಸೂಜಿ ತಾಗಿಸುತ್ತಾನೆ? ಬಿರುಕು ಕಂಡಲ್ಲೇ ಚುಚ್ಚುತ್ತಾನೆ.

ಒಳಗೊಂದು ಜೀವ ಬೇಕಲ್ಲ, ರಾಳದಲ್ಲಿ ಸಿಕ್ಕಿಬಿದ್ದ ಹುಳುವಿದ್ದರೆ ತೃಣಮಣಿಗೆ ಬೆಲೆ ಹೆಚ್ಚು. ಶೆಡ್ಡಿನ ಹಿಂದೆ ಬಾಯಲ್ಲಿ ಏನೋ ಕಚ್ಚಿಕೊಂಡು ಹೊರಟಿದ್ದ ದಪ್ಪ ಕಪ್ಪಿರುವೆ, ಗೊದ್ದವೊಂದನ್ನು ಹೊರೆಯ ಸಮೇತ ಎತ್ತಿ ಎರಕ ಹೊಯ್ಯುವಾಗಲೇ ಒಳಗೆ ಇಳಿಸಿದ್ದ. ದುಡಿಯುತ್ತಲೇ ಸತ್ತ ಗೊದ್ದ! ತನ್ನ ಕೈಚಳಕಕ್ಕೆ ತಾನೇ ಬೆರಗಾದ.

ಜ್ಞಾನೇಶ್ವರ ಅವನ ಮುಖ ಎಂದೂ ನೋಡಿದವನಲ್ಲ; ಕತೆಯೂ ಸಿದ್ಧವಾಯಿತು. ಮಣಿ ತೀರಿಹೋದ ಹಕೀಮರೊಬ್ಬರ ಪೆಟ್ಟಿಗೆಯದು; ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ಎಲ್ಲಕ್ಕಿಂತ ಜಾಣತನವೆಂದರೆ ದುಡ್ಡು ಕೇಳದಿರುವುದು. ದುಡ್ಡು ಕೇಳಿದವನ ಮೇಲೆ ಜ್ಞಾನೇಶ್ವರನಿಗೆ ಅನುಮಾನ ಬರುತ್ತದೆ. ಪೆದ್ದನ ಮೇಲೆ ಪ್ರೀತಿ ಬರುತ್ತದೆ. ಅವನು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ.

ಶನಿವಾರ ಬೆಳಿಗ್ಗೆ ಬೀದರಿನ ಚೌಬಾರಾ ಗೋಪುರದ ಹತ್ತಿರದ ಜ್ಞಾನೇಶ್ವರನ ಅಂಗಡಿಯಲ್ಲಿ ಎಲ್ಲವೂ ಬರೆದಿಟ್ಟ ಹಾಗೆ ನಡೆಯಿತು. ಖೋಟಾ ಮಣಿ ತೇಲಿತು, ಹುಲ್ಲು ಸೆಳೆಯಿತು. ಜ್ಞಾನೇಶ್ವರ ಬಿರುಕಿಗೇ ಸೂಜಿ ಚುಚ್ಚಿದ. ಅಂಗಡಿಯೆಲ್ಲ ಘಮ್ಮೆಂದಿತು.

“ಏನ್ ಬೇಕ್ರಿ ಇದಕ್ಕ?”

“ರೊಕ್ಕ ಬ್ಯಾಡ್ರಿ ಶೇಟ್ರ. ನಾಲ್ಕು ಕೋಟಿ ವರ್ಷದ್ದು ಅಂತಿದ್ರು ಹಕೀಮರು. ಆದ್ರ ನಮ್ಮ ಮನ್ಯಾಗ ಬಸರಿ ಹೆಂಗ್ಸು ಅದಾಳ, ಹುಟ್ಟೋ ಕೂಸಿಗಿ ಕಟ್ಟಲಿಕ್ಕ ತೂತಿದ್ದ ಮಣಿನೇ ಬೇಕ್ರಿ. ಇದಕ್ಕ ತೂತ್ ಹಾಕಿದ್ರ ಒಡೀತದ. ಪೆಟ್ಟಿಗ್ಯಾಗಿನ ಆ ಸಣ್ಣದು ನಂಗ ಕೊಡ್ರಿ, ಇದು ನೀವೇ ಇಟ್ಕೋರಿ.”

“ಆ ಸಣ್ಣದು ಭಾಳ ಹಳೀದ್ರಿ,” ಎಂದು ಜ್ಞಾನೇಶ್ವರ ಒಲ್ಲದವನ ಹಾಗೆ ತಲೆ ಕೆರೆದುಕೊಂಡ. ಕೆರೆದುಕೊಳ್ಳುತ್ತಲೇ ಗಾಜಿನ ಪೆಟ್ಟಿಗೆಯ ಬೀಗ ತೆಗೆದ. ಈ ಪೆದ್ದ ಮನಸ್ಸು ಬದಲಾಯಿಸಿಯಾನೆಂಬ ಅವಸರ ಅವನ ಕೈಯಲ್ಲಿ ಕಾಣುತ್ತಿತ್ತು. ತಾಯಿಯ ಮಣಿ ಅಂಗೈಗೆ ಬಿದ್ದಾಗ ಕೈಲಾಶನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಅಭಿನಯಕ್ಕೆ ಅದೂ ಒಳ್ಳೆಯದೇ ಆಯಿತು ಅಂದುಕೊಂಡು ಮುಷ್ಟಿ ಬಿಗಿದು ಎದ್ದ.

“ಅವ್ವಾ, ಬಾ ಇಲ್ಲಿ, ಒಂದು ಮಜಾ ನೋಡು,” ಎಂದು ಜ್ಞಾನೇಶ್ವರ ಹಿಗ್ಗಿ ಕೂಗಿದ. ಒಳಗಿನಿಂದ ಅವನ ತಾಯಿ ಸಖುಬಾಯಿ ಬಂದಳು. ಎಕಂಬಾದಲ್ಲಿ ಕುರಿ ಕಾಯ್ದು, ಹೊಲದ ಕಳೆ ಕಿತ್ತು ಬಾಳಿದ ಆಕೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗನ ಮನೆಗೆ ಬಂದಿದ್ದಳು. ಹೊಸ ಕಣ್ಣಿನಿಂದ ಏನು ಕಂಡರೂ ಆಕೆಗೆ ಸಡಗರ. ಭೂತಗನ್ನಡಿಯಲ್ಲಿ ಮಣಿಯೊಳಗೆ ಇಣುಕಿದಳು. “ಅಯ್ಯ, ಈ ಗೊದ್ದದ ಬಾಯಾಗ ಕಾಂಗ್ರೆಸ್ ಕಸದ ಹೂ ಅದಲ್ಲೋ! ಇದನ್ನ ಕಿತ್ತಿ ಕಿತ್ತಿ ಕೈಯೆಲ್ಲ ತುರಿಸ್ಕೊಂಡಾಕಿ ನಾ, ನಂಗ ಗುರ್ತಾಗಲ್ಲೇನು? ನಾ ಲಗ್ನ ಆಗಿ ಎಕಂಬಾಕ್ಕ ಬಂದಾಗ ಈ ಹಾಳ್ ಕಸ ಇರಲೇ ಇಲ್ಲ ನೋಡು. ಪರದೇಶದ ಗೋದಿ ಜೋಡಿ ಬಂತು ಅಂತಿದ್ರು.” ಶೆಡ್ಡಿನ ಹಿಂದೆ ದಿನವೂ ಕಾಲಿಗೆ ತೊಡರುತ್ತಿದ್ದ ಆ ಬಿಳಿ ಹೂವು ಕೈಲಾಶನಿಗೆ ನೆನಪಾಗುವಷ್ಟರಲ್ಲಿ ಜ್ಞಾನೇಶ್ವರ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಿದ್ದ. “ನಾಲ್ಕು ಕೋಟಿ ವರ್ಷ ಅಂದ್ರಿ,” ಎಂದ ಬಹಳ ಮರ್ಯಾದೆಯಿಂದ. “ನಮ್ಮ ಅವ್ವಗ ಎಪ್ಪತ್ತೆಂಟರಿ. ಮುಷ್ಟಿ ಬಿಚ್ರಿ.”