ಎರಡೂ ಮೂತ್ರಪಿಂಡ ಸಹಜ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕೂರಲು ಒಪ್ಪಲಿಲ್ಲ. ಸ್ಕ್ಯಾನಿಂಗ್ ವರದಿಯೊಂದನ್ನು ಇನ್‌ಸ್ಪೆಕ್ಟರ್ ಮುಂದೆ ಇಟ್ಟಳು.

"ಓದಿ ಸಾರ್."

"ಎರಡೂ ಮೂತ್ರಪಿಂಡ ಸಹಜ. ಒಳ್ಳೇದೇ ಅಲ್ವೇನಮ್ಮಾ?"

"ನನ್ನ ತಮ್ಮನಿಗಿರೋದು ಒಂದೇ ಕಿಡ್ನಿ. ಇನ್ನೊಂದು ನನ್ನ ಹೊಟ್ಟೇಲಿದೆ, ಅವನೇ ಕೊಟ್ಟಿದ್ದು."

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದಿಟ್ಟರು. ಉಳಿದಿದ್ದ ಆ ಒಂದಕ್ಕೆ ಕಲ್ಲು ಅಡ್ಡ ಬಿದ್ದಿತ್ತು. ವರದಿ ನಂಬಿ, ನೋವಿನ ಮಾತ್ರೆ ನುಂಗುತ್ತ ವಾರ ಕಳೆದ ತಮ್ಮ ಈಗ ತುರ್ತು ಘಟಕದಲ್ಲಿದ್ದ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಒಬ್ಬ ಪೇದೆ ಮತ್ತು ಪಂಚರೊಂದಿಗೆ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದಾಗ, ಕೇಳುವ ಮೊದಲೇ ಡಾಕ್ಟರು ಟೈಪಿಸ್ಟ್ ಹುಡುಗಿಯ ಕಡೆ ಬೆರಳು ತೋರಿಸಿದರು. "ಇವಳ ಕೈತಪ್ಪು."

"ಎಲ್ಲಿ, ಟೈಪ್ ಮಾಡಿ ತೋರಿಸಮ್ಮ."

ಹುಡುಗಿ ಒಂದು ಹೆಸರು ಬರೆದು ಒಂದೇ ಕೀ ಒತ್ತಿದಳು. ಪುಟ ತಾನಾಗಿ ತುಂಬಿತು. ಯಕೃತ್ತು ಸಹಜ, ಎರಡೂ ಮೂತ್ರಪಿಂಡ ಸಹಜ.

"ಮ್ಯಾಕ್ರೋ ಸಾರ್. ಒಂದ್ಸಲ ಮಾಡಿ ತೋರಿಸಿದ್ರೆ ಆಮೇಲೆ ಅದೇ ಮಾಡ್ಕೊಂಡು ಹೋಗುತ್ತೆ. ಹೆಸರಿನ ಸಾಲು ಸರಿಮಾಡೀ ಮಾಡೀ ಬೆರಳು ಸೋಲ್ತಿತ್ತು, ಅದಕ್ಕೆ ಮಾಡ್ಕೊಂಡೆ. ಡಾಕ್ಟರ್ ಅದನ್ನ ನೋಡಿ, 'ಫಲಿತಾಂಶಾನೂ ಸೇರಿಸು, ಏನಾದ್ರೂ ಇದ್ರೆ ಹೇಳ್ತೀನಿ, ಆಗ ತಿದ್ದು' ಅಂದ್ರು."

"ಹೇಳ್ತಿದ್ರಾ?"

"ಮೊದಮೊದಲು."

"ನೋಡದೆ ನಾನು ಸಹಿ ಹಾಕಲ್ಲ," ಎಂದರು ಡಾಕ್ಟರು.

ಪೇದೆ ಟ್ರೇಯಿಂದ ಸಹಿಯಾದ ವರದಿಯೊಂದನ್ನು ಎತ್ತಿ, ಬಾಗಿಲಲ್ಲಿ ನಿಂತು ಹೆಸರು ಕೂಗಿದ. ಬೆಂಚಿನಿಂದ ಮುದುಕರೊಬ್ಬರು ನೀರಿನ ಬಾಟಲಿ ಹಿಡಿದು ಎದ್ದರು.

"ತಾತ, ಸ್ಕ್ಯಾನ್ ಆಯ್ತಾ?"

"ಎಲ್ಲಿ ಆಯ್ತಪ್ಪ. ಕುಡಿ ಕುಡಿ ಅಂದ್ರು, ಹೊಟ್ಟೆ ಕೊಡ ಆಗಿದೆ. ಈಗಲಾದ್ರೂ ಕರೀತಾರಾ, ಇಲ್ಲ ಇಲ್ಲೇ ಮಾಡ್ಕೊಳ್ಳಲಾ?"

ಆ ಹಾಳೆಯೇ ಪಂಚನಾಮೆಯ ಮೊದಲ ವಸ್ತುವಾಯಿತು. ಡಾಕ್ಟರನ್ನು ಬಂಧಿಸಿ ಜೀಪು ಹತ್ತಿಸಿದರು.

ದಾರಿಯಲ್ಲಿ ಇನ್‌ಸ್ಪೆಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಯಾಕೆ?"

"ಹೆಚ್ಚಿನವರಿಗೆ ಏನೂ ಇರಲ್ಲ ಇನ್‌ಸ್ಪೆಕ್ಟರೇ. ದಿನಾ ಅದನ್ನೇ ನೋಡಿ ನೋಡಿ ಬೇಜಾರು ಹಿಡಿದಿತ್ತು."

ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ದುರಾಸೆ ಅಂದಿದ್ದರೂ, ಹಗೆ ಅಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಸಂಜೆ ಆ ಅಕ್ಕ ಠಾಣೆಯ ಮೆಟ್ಟಿಲಲ್ಲಿ ಕಾಯುತ್ತಿದ್ದಳು. ತಮ್ಮನಿಗೆ ಡಯಾಲಿಸಿಸ್ ಶುರುವಾಗಿತ್ತು. ಅವಳೂ ಯಾಕೆ ಅಂತಲೇ ಕೇಳಿದಳು. ಮುಚ್ಚಿಡಲು ಮನಸ್ಸಾಗದೆ ಇನ್‌ಸ್ಪೆಕ್ಟರ್ ಡಾಕ್ಟರು ಅಂದಿದ್ದನ್ನು ಹೇಳಿಬಿಟ್ಟರು.

ಅವಳು ಸೆರಗಿನ ಮೇಲಿಂದಲೇ ಕಿಬ್ಬೊಟ್ಟೆಯ ಪಕ್ಕಕ್ಕೆ ಕೈಯಿಟ್ಟುಕೊಂಡಳು.

"ಅವನು ಕೊಟ್ಟಿದ್ದು ಹಗಲೂ ರಾತ್ರಿ ಅದೇ ಕೆಲಸ ಮಾಡ್ತಾ ಇದೆ ಸಾರ್," ಎಂದಳು. "ಒಂದು ದಿನ ಬೇಜಾರು ಅಂದಿಲ್ಲ."