ನಕ್ಷೆಯಿಂದ ಅಳಿಸಿಹೋದ ಕೋಶಗಳು

"ನನ್ನ ಕೋಶಗಳನ್ನ ಕಸದ ಬುಟ್ಟಿಗೆ ಹಾಕಿದ ಮಹಾನುಭಾವರು ನೀವೇನಾ?"

ಬಾಗಿಲಲ್ಲೇ ಗುಡುಗಿದಳು ಅವಳು. ಲ್ಯಾಬಿನವರು ಅವಳನ್ನು 'ಮೊಂಡಿ' ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ!

ಕಂಪ್ಯೂಟರ್ ಮುಂದಿದ್ದ ಹೊಸ ನಕ್ಷೆಗಾರ ತಬ್ಬಿಬ್ಬಾದ. ಮಂಗನ ಮೆದುಳಿನಲ್ಲಿ ಎಷ್ಟು ಬಗೆಯ ಕೋಶಗಳಿವೆ, ಯಾವುದು ಎಲ್ಲಿದೆ ಎಂದು ನಕ್ಷೆ ಬರೆಯುವುದು ಅವನ ಕೆಲಸ. ಮೆದುಳನ್ನು ತೆಳ್ಳಗೆ ಕತ್ತರಿಸಿ, ಕೋಶಗಳನ್ನು ಒಂದೊಂದಾಗಿ ಬಿಡಿಸಿ ಕೊಡುವುದು ಅವಳದು.

"ನೀವು ಹೇಳಿದ್ದು ಹೊಸ ಬಗೆಯ ಕೋಶ ಅಲ್ಲ... ಬಿಡಿಸುವಾಗ ಹಸಿರು ಗುರುತಿಂದೊಂದು, ಕೆಂಪು ಗುರುತಿಂದೊಂದು, ಎರಡು ಕೋಶ ಅಂಟ್ಕೊಂಡು ಒಂದೇ ಕೋಶದ ಥರ ಕಾಣಿಸಿದೆ ಅಷ್ಟೇ."

"ಅಂದ್ರೆ ನಂಗೆ ಬಿಡಿಸೋಕೆ ಬರಲ್ಲ ಅಂತೀರಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟಾಗಿತ್ತು.

ಆಮೇಲೆ ಎದುರಾದರೂ ಮುಖ ತಿರುಗಿಸುತ್ತಿದ್ದಳು. ವಾರದೊಳಗೆ ನಕ್ಷೆ ಪ್ರಕಟವಾಗಲಿತ್ತು. ಅದರಲ್ಲಿ ಜಾಗ ಸಿಗದಿದ್ದರೆ ಅವಳ ಇಷ್ಟು ವರ್ಷಗಳ ಶ್ರಮ ನೀರಿನಲ್ಲಿ ಹೋಮ!

ಆದರೂ ಆ ನಕ್ಷೆಯನ್ನು ಕದ್ದು ನೋಡಿದಾಗ ಮನಸ್ಸು ಸೋಲುತ್ತಿತ್ತು. ಲಕ್ಷಾಂತರ ಚುಕ್ಕೆಗಳು... ಒಂದೊಂದು ಬಗೆಗೂ ತನ್ನದೇ ಬಣ್ಣ. 'ಇಷ್ಟು ಅಕ್ಕರೆಯಿಂದ ಕೆಲಸ ಮಾಡೋನು ನಂದನ್ನೇ ಯಾಕೆ ಅಳಿಸಿದ?'

ಒಂದು ಮಧ್ಯಾಹ್ನ ಸೂಕ್ಷ್ಮದರ್ಶಕದ ಕೋಣೆಯ ಬಾಗಿಲು ತಳ್ಳಿದಳು. ದೀಪ ಆರಿಸಿ ಅವನೊಬ್ಬನೇ ಕೂತಿದ್ದ. ಬೆರಳುಗಳಿಗೆ ಬ್ಯಾಂಡೇಜು.

"ಬನ್ನಿ, ನೋಡಿ. ಇದು ಬಿಡಿಸದೇ ಇರೋ ಇಡೀ ಚೂರು. ಇದ್ರಲ್ಲಿ ಅಂಟ್ಕೊಳ್ಳೋ ಮಾತೇ ಇಲ್ಲ."

ಅವಳು ಬಗ್ಗಿ ನೋಡಿದಳು. ಒಂದೇ ಕೋಶ, ಅದರೊಳಗೆ ಹಸಿರು ಗುರುತೂ ಇದೆ, ಕೆಂಪು ಗುರುತೂ ಇದೆ! ಪಕ್ಕದಲ್ಲಿ ಅಂಥದೇ ಇನ್ನೊಂದು, ಮತ್ತೊಂದು... ಅವಳ ಕೋಶಗಳು ನಿಜವಾಗಿಯೂ ಇದ್ದವು. ಕಣ್ಣು ತುಂಬಿ ಬಂತು.

"ತಪ್ಪು ನಂದೇ. ನಕ್ಷೆ ತಿದ್ದಬೇಕು, ತಡ ಆಗುತ್ತೆ ಅಂತ ಲ್ಯಾಬಿನ ದೊಡ್ಡ ಮೇಡಂಗೆ ಹೇಳಿದೆ. ಎಲ್ಲರೆದುರು ಚೆನ್ನಾಗಿ ಬೈಸ್ಕೊಂಡೆ."

ಹೀಗೆ ಒಪ್ಪಿಕೊಳ್ಳಲು ಎಂಟೆದೆ ಬೇಕು. ಅವಳ ಸಿಟ್ಟು ಎಲ್ಲಿ ಕರಗಿತೋ!

"ಬೆರಳಿಗೇನಾಯ್ತು?"

"ನಿಮ್ಮ ಥರ ಕತ್ತರಿಸೋಕೆ ಹೋದೆ..."

"ಅಯ್ಯೋ ಪೆದ್ದ! ನನ್ನ ಕೇಳಬಾರದಿತ್ತಾ?"

"ನೀವು ಮುಖ ಕೊಟ್ಟು ಮಾತಾಡಿದ್ರೆ ತಾನೇ? ಹತ್ತು ಚೂರು ಹಾಳು ಮಾಡಿದ ಮೇಲೆ ನಿಮ್ಮ ಕೈಯ ಬೆಲೆ ಗೊತ್ತಾಯ್ತು. ಕೈ ಮೇಲಷ್ಟೇ ಅಲ್ಲ... ನಿಮ್ಮ ಮೇಲೇ ಮನಸ್ಸಾಗಿದೆ."

ಅವಳು ಸಡಿಲವಾಗಿದ್ದ ಬ್ಯಾಂಡೇಜನ್ನು ಮೆಲ್ಲಗೆ ಸರಿಪಡಿಸಿದಳು.

"ಇನ್ನೊಂದ್ಸಲ ಬ್ಲೇಡ್ ಮುಟ್ಟಿದ್ರೆ ನೋಡು! ಕತ್ತರಿಸೋದು ನಾನು, ನಕ್ಷೆ ಬರೆಯೋದು ನೀನು."

"ಎಲ್ಲೀವರೆಗೆ?"

"ಇಡೀ ಮೆದುಳು ಮುಗಿಯೋವರೆಗೆ."

"ಅದು ಈ ಜನ್ಮದಲ್ಲಿ ಮುಗಿಯಲ್ಲ ಕಣೇ..."

"ನಂಗೂ ಅಷ್ಟೇ ಬೇಕಾಗಿರೋದು!"